ಸಂತೆಯಿಂದ ತಂದ ಹೇಂಟೆ

ಕುಷ್ಟಗಿ, ಯಲಬುರ್ಗಾ ಸಂತೆಯಿಂದ ತಂದ ಹೇಂಟೆಯ ಕಾಲುಕಟ್ಟು ಬಿಚ್ಚಿ ನೇರ ಹಿತ್ತಲಿಗೆ ಬಿಡಬೇಡಿ. ಕೊಕ್ಕರೆ ರೋಗ ಒಂದು ಕೋಳಿಯಿಂದ ಇಡೀ ಹಿಂಡಿಗೆ ಹಬ್ಬುತ್ತದೆ. ಅದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಿರಬೇಕು. 21 ದಿನ ದೂರವಿಡಿ. ಹಿಕ್ಕೆ ಹಸಿರಾಗಿದೆಯೇ, ಮೂಗು ಸೋರುತ್ತದೆಯೇ, ರೆಕ್ಕೆಯಡಿ ಹೇನಿದೆಯೇ ನೋಡಿ. ಆಮೇಲೆ ಒಂದು ವಾರ ಜಾಲರಿಯಾಚೆ ಹಿಂಡಿನ ಕಣ್ಣೆದುರಿಗೇ ಇರಲಿ. ಬಳಿಕ ಒಂದು ರಾತ್ರಿ ಕತ್ತಲಲ್ಲಿ ಗೂಡಿಗೆ ಸೇರಿಸಿ.

ಬೆಳಗ್ಗೆ ಕುಕ್ಕಾಟ ಇದ್ದದ್ದೇ. ಕೋಳಿಗಳಲ್ಲೂ ದೊಡ್ಡದು ಚಿಕ್ಕದೆಂಬ ಲೆಕ್ಕವಿರುತ್ತದೆ. ನಮ್ಮಲ್ಲಿ ಹೊಸದು ಎರಡು ದಿನ ಕಟ್ಟಿಗೆ ರಾಶಿಯ ಹಿಂದೆ ಕುತ್ತಿಗೆ ಒಳಗೆಳೆದುಕೊಂಡು ನಿಂತಿತ್ತು. ಜೋಳ, ನೀರು ಎರಡು ಕಡೆ ಇಟ್ಟ ಮೇಲೆಯೇ ಪಾಪ, ಹೊರಗೆ ಬಂತು. ಸಾಧ್ಯವಾದರೆ ಜೋಡಿ ತನ್ನಿ, ಏಟು ಹಂಚಿಹೋಗುತ್ತದೆ. ರಕ್ತ ಕಂಡರೆ ಮಾತ್ರ ತಡಮಾಡದೆ ಬೇರೆ ಮಾಡಿ. ಕೆಂಪು ಕಂಡಲ್ಲೇ ಎಲ್ಲವೂ ಕುಕ್ಕುತ್ತವೆ.