ಮೊದಲು ಒಸಡು, ಆಮೇಲೆ ಕ್ಲಿಪ್

ಪ್ರಶ್ನೆ: ನನಗೆ 43 ವರ್ಷ, ಶಿಕ್ಷಕಿ. ಎರಡು ವರ್ಷದಿಂದ ಮೇಲಿನ ಮುಂದಿನ ಹಲ್ಲುಗಳು ಹೊರಚಾಚಿ ನಡುವೆ ಸಂದು ಬಿಟ್ಟಿದೆ. ಉಜ್ಜುವಾಗ ರಕ್ತ ಬರುತ್ತದೆ. ಒಬ್ಬ ದಂತವೈದ್ಯರು ಕ್ಲಿಪ್ ಹಾಕೋಣ ಎಂದರು, ಇನ್ನೊಬ್ಬರು ಒಸಡಿನ ರೋಗವಿದೆ, ಈಗ ಬೇಡ ಎಂದರು. ಮನೆಯಲ್ಲಿ ‘ಈ ವಯಸ್ಸಿಗೆ ಕ್ಲಿಪ್ಪಾ?’ ಎಂದು ನಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡನೆಯ ವೈದ್ಯರ ಮಾತು ಕೇಳಿ. ನಗುವವರು ನಗಲಿ, ಕ್ಲಿಪ್ಪಿಗೆ ವಯಸ್ಸಿನ ಗಡುವಿಲ್ಲ. ಆದರೆ ರಕ್ತ ಸುರಿಯುವ ಒಸಡಿನ ಮೇಲೆ ತಂತಿ ಬಿಗಿಯಬಾರದು.

ಕ್ಲಿಪ್ ಹಲ್ಲನ್ನು ಸರಿಸುವುದು ಎಲುಬಿನ ಮೂಲಕ. ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಎಳೆತದ ಕಡೆ ಹೊಸದು ಕಟ್ಟುತ್ತದೆ. ಒಸಡಿನಲ್ಲಿ ಸೋಂಕು, ಊತ ಇದ್ದರೆ ಕರಗುವ ಕೆಲಸ ಜೋರಾಗಿ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ನಿಮ್ಮ ಹಲ್ಲು ಹೊರಬಂದಿರುವುದಕ್ಕೂ ಬಹುಶಃ ಇದೇ ಕಾರಣ: ಆಧಾರದ ಎಲುಬು ತಗ್ಗಿದಾಗ ನಾಲಿಗೆ, ಕಚ್ಚುವ ಒತ್ತಡಗಳೇ ಹಲ್ಲನ್ನು ಮುಂದಕ್ಕೆ ತಳ್ಳುತ್ತವೆ.

ಹಾಗಾಗಿ ಮೊದಲು ಒಸಡಿನ ತಜ್ಞರ ಬಳಿ ಹೋಗಿ. ಎಕ್ಸ್-ರೇ, ಒಸಡಿನ ಸಂದಿನ ಆಳದ ಅಳತೆ, ಬೇರಿನವರೆಗಿನ ಕ್ಲೀನಿಂಗ್ ಆಗಬೇಕು. ಸಕ್ಕರೆ ಪರೀಕ್ಷೆಯೂ ಮಾಡಿಸಿ. ಮಧುಮೇಹ ಹಿಡಿತದಲ್ಲಿಲ್ಲದಿದ್ದರೆ ಒಸಡಿನ ರೋಗ ಸುಲಭಕ್ಕೆ ಮಣಿಯುವುದಿಲ್ಲ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹಲ್ಲಿನ ಗಾರೆ ತೆಗೆದು ಊತ ಇಳಿದಾಗ ಹಲ್ಲುಗಳ ನಡುವಿನ ಸಂದುಗಳು ಕಾಣುತ್ತವೆ, ಅಷ್ಟೆ. ಸಡಿಲು ಮೊದಲಿನಿಂದಲೇ ಇತ್ತು.

ಕೆಲವು ತಿಂಗಳ ನಂತರ ಮತ್ತೆ ಅಳೆದು, ಸಂದಿನ ಆಳ 4 ಮಿ.ಮೀ. ಆಸುಪಾಸಿಗೆ ಇಳಿದು ರಕ್ತ ನಿಂತಿದ್ದರೆ ಕ್ಲಿಪ್ಪಿನ ಮಾತು. ಎಲುಬು ಕಡಿಮೆಯಿರುವುದರಿಂದ ಬಲ ಹಗುರವಾಗಿರಬೇಕು. ಒಸಡಿನ ತಜ್ಞರೂ ಕ್ಲಿಪ್ ಹಾಕುವ ವೈದ್ಯರೂ ಪರಸ್ಪರ ಮಾತಾಡಲಿ, ಇಲ್ಲವೆಂದರೆ ಒತ್ತಾಯಿಸಿ. ಪಾರದರ್ಶಕ ಅಲೈನರ್ ತೆಗೆದು ಉಜ್ಜಲು ಸಲೀಸು, ಆದರೆ ದುಬಾರಿ. ನಿಮ್ಮ ಹಲ್ಲಿಗೆ ಒಗ್ಗುತ್ತದೋ ಎಂದು ವೈದ್ಯರೇ ಹೇಳಬೇಕು. ಏನೇ ಹಾಕಿಸಿದರೂ ಹಲ್ಲುಗಳ ನಡುವಿನ ಸಂದಿಗೆ ಸಣ್ಣ ಬ್ರಷ್, ಸುಮಾರು ಮೂರು ತಿಂಗಳಿಗೊಮ್ಮೆ ಒಸಡಿನ ತಪಾಸಣೆ ತಪ್ಪದು. ಹಲ್ಲು ನೇರವಾದ ಮೇಲೂ ಒಸಡು ಇಳಿದ ಜಾಗದಲ್ಲಿ ಕಪ್ಪು ತ್ರಿಕೋನದಂಥ ಸಂದು ಉಳಿಯಬಹುದು, ಇದನ್ನು ಮೊದಲೇ ಕೇಳಿ ತಿಳಿಯಿರಿ. ಕ್ಲಿಪ್ ತೆಗೆದ ನಂತರ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸುತ್ತಾರೆ. ನಿಮ್ಮಂಥವರಿಗೆ ಅದು ಸಾಮಾನ್ಯವಾಗಿ ಕಾಯಂ. ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.