ಸೀತಾಳೆ ಸಿಡುಬು ಮತ್ತು ಮನೆಯ ಆರೈಕೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶಗಳಲ್ಲಿ ಬಿಸಿಲು ಏರತೊಡಗಿದಂತೆ ಕೆಲವು ಮನೆಗಳ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿರುವುದು ಕಾಣುತ್ತದೆ. ಮಗುವಿಗೆ 'ಅಮ್ಮ' ಬಂದಿದ್ದಾಳೆಂಬುದಕ್ಕೆ ಅದು ಗುರುತು. ಅದನ್ನು ನೋಡಿದವರು ಹೊಸ್ತಿಲು ತುಳಿಯದೆ ಹಿಂದಿರುಗುತ್ತಾರೆ. ಸೋಂಕು ಹರಡದಂತೆ ತಡೆಯುವ ವಿವೇಕ ಈ ಪದ್ಧತಿಯಲ್ಲಿ ಅಡಗಿದೆ. ಆದರೆ ಅಮ್ಮ ಮುನಿದಾಳೆಂಬ ಭಯದಿಂದ ವೈದ್ಯರನ್ನೂ ದೂರವಿಟ್ಟರೆ ಕೆಲವೊಮ್ಮೆ ಮಗುವಿನ ಜೀವಕ್ಕೇ ಎರವಾದೀತು.

ಹಿಂದೆ ಸಾವಿರಾರು ಜೀವಗಳನ್ನು ಬಲಿಗೊಂಡ ಸಿಡುಬು ಬೇರೆ, ಸೀತಾಳೆ ಸಿಡುಬು ಬೇರೆ. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ಸೀತಾಳೆ ಸಿಡುಬಿನ ವೈರಾಣು ಇಂದಿಗೂ ಉಳಿದಿದೆ. ರೋಗಿಯ ಉಸಿರು, ಕೆಮ್ಮುಗಳಿಂದಲೂ ಗುಳ್ಳೆಯ ನೀರಿನಿಂದಲೂ ಅದು ಹರಡುತ್ತದೆ. ಸೋಂಕು ತಗುಲಿದ 10ರಿಂದ 21 ದಿನಗಳೊಳಗೆ ಜ್ವರ, ಗುಳ್ಳೆಗಳು ತೋರುತ್ತವೆ. ಕೆಂಪು ಬೊಕ್ಕೆ, ನೀರುಗುಳ್ಳೆ, ಒಣಗಿದ ಹಕ್ಕಳೆ ಮೂರೂ ಏಕಕಾಲಕ್ಕೆ ಮೈಮೇಲೆ ಕಾಣುವುದು ಇದರ ಲಕ್ಷಣ.

ಹೆಚ್ಚಿನ ಮಕ್ಕಳಿಗೆ ಒಳ್ಳೆಯ ಆರೈಕೆಯೇ ಮದ್ದು. ತುರಿಕೆ ತಾಳಲಾರದೆ ಮಗು ಕೆರೆದುಕೊಂಡರೆ ಗುಳ್ಳೆಗಳು ಕೀವಾಗಿ ಕಲೆ ಉಳಿಯಬಹುದು. ಆದುದರಿಂದ ಉಗುರುಗಳನ್ನು ಕತ್ತರಿಸಿ, ತೆಳುವಾದ ಹತ್ತಿಬಟ್ಟೆ ತೊಡಿಸಬೇಕು. ಸ್ನಾನ ನಿಲ್ಲಿಸಬೇಕಾಗಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಉಜ್ಜದೆ, ಮೆಲ್ಲನೆ ಒತ್ತಿ ಒರೆಸಬೇಕು. ಬಾಯಲ್ಲಿ ಗುಳ್ಳೆಗಳೆದ್ದಾಗ ಖಾರ, ಹುಳಿಗಳನ್ನು ಬಿಟ್ಟು ಜೋಳದ ಗಂಜಿ, ಮೆತ್ತನೆಯ ಅನ್ನ, ಬೇಕಾದಷ್ಟು ನೀರು ಕೊಡಬೇಕು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್ ಕೊಡಲೇಬಾರದು, ಮಿದುಳಿಗೂ ಯಕೃತ್ತಿಗೂ ಹಾನಿ ತರುವ ಅಪರೂಪದ ರೋಗಕ್ಕೆ ಅದು ದಾರಿಯಾಗಬಲ್ಲದು.

ಗುಳ್ಳೆಗಳೆಲ್ಲವೂ ಹಕ್ಕಳೆಗಟ್ಟುವವರೆಗೆ ಮಗು ಶಾಲೆಗೆ ಹೋಗಬಾರದು. ಈ ರೋಗ ಹಿಂದೆ ಬಾರದ ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ರೋಗಿಯಿಂದ ದೂರವಿಡಬೇಕು. ಉಸಿರಾಟದ ಕಷ್ಟ, ಮೇಲಿಂದ ಮೇಲೆ ವಾಂತಿ, ಮಂಪರು, ಗುಳ್ಳೆಗಳ ಸುತ್ತ ಊತ ಕಂಡೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ತಡೆಯುವ ಲಸಿಕೆಯೂ ಉಂಟು. 1970ರ ದಶಕದಲ್ಲಿ ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ ಅದನ್ನು ಸಿದ್ಧಪಡಿಸಿದರು.

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರುಳ್ಳ ಶಾಸನವಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದಾಗಿ ಆತನು ತನ್ನ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಂಥವನ ಹೆಸರನ್ನು ಹೊತ್ತ ನೆಲದಲ್ಲಿ ಚಿಕಿತ್ಸೆಯಿಲ್ಲದೆ ಯಾವ ಮಗುವೂ ನರಳಬಾರದು. ಬಾಗಿಲಿಗೆ ಬೇವು ಇರಲಿ. ಒಳಗೆ ವೈದ್ಯರ ಮಾತಿಗೂ ಎಡೆಯಿರಲಿ.