ಪಾಠ 9 : ವಾರಕ್ಕೊಂದು ಸಂಜೆ

ಅಕ್ಕಂದಿರೇ,

ನಾವು ಹಗಲು ಶಾಲೆಯಲ್ಲಿ ಪಾಠ ಹೇಳುವವರು. ರಾತ್ರಿ ನಿಮ್ಮ ಕಲಿಕಾ ಕೇಂದ್ರಕ್ಕೆ ಬರುವವರು. ಇವತ್ತು ನಮ್ಮ ಕಡೆಯ ಹರೆಯದ ಮಕ್ಕಳ ಬಗ್ಗೆ ಓದೋಣ.

ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕಡಿಮೆ. ಮಳೆ ಹೋದರೆ ಜನ ಗುಳೆ ಹೋಗುತ್ತಾರೆ. ಮಕ್ಕಳೂ ಹಿಂದೆ ಹೋಗುತ್ತಾರೆ. ಗಂಗಾವತಿ ಕಡೆ ಕಾಲುವೆ ನೀರು ಇದೆ. ಅಲ್ಲಿ ಭತ್ತದ ನಾಟಿ ಬಂದರೆ ಕೆಲವು ಹುಡುಗಿಯರ ಶಾಲೆ ತಪ್ಪುತ್ತದೆ. ಕೊಪ್ಪಳ, ಕುಷ್ಟಗಿ ಕಡೆ ಬೀಜದ ಹೊಲಗಳಿವೆ. ಅಲ್ಲಿ ಹತ್ತಿ ಹೂವಿಗೆ ಕ್ರಾಸಿಂಗ್ ಮಾಡಬೇಕು. ಸಂಜೆ ಮೊಗ್ಗು ಬಿಡಿಸಬೇಕು. ಬೆಳಿಗ್ಗೆ ಹೂವಿನ ಪುಡಿ ಮುಟ್ಟಿಸಬೇಕು. ಸಣ್ಣ ಬೆರಳು ಬೇಕು ಅಂತಾರೆ. ಎಣ್ಣಿ ಹೊಡೆದ ಗಿಡಗಳ ನಡುವೆ ಮಕ್ಕಳು ನಿಲ್ಲುತ್ತಾರೆ.

ಶಾಲೆ ಬಿಟ್ಟ ಹುಡುಗಿಗೆ ಮುಂದೆ ಏನು? ಮೊದಲು ಹೊಲ. ಆಮೇಲೆ ಮದುವೆ.

ಒಂದು ಊರಿನಲ್ಲಿ ಹೀಗಾಯಿತು. 15 ವರ್ಷದ ಹುಡುಗಿ. 9ನೇ ತರಗತಿ. ಕ್ರಾಸಿಂಗಿಗೆ ಅಂತ ಎರಡು ತಿಂಗಳು ಶಾಲೆ ಬಿಟ್ಟಳು. ಮತ್ತೆ ಬರಲಿಲ್ಲ. ನಾವು ಮನೆಗೆ ಹೋದೆವು. ಓದು ಬಿಡಬಾರದು ಅಂತ ಬುದ್ಧಿ ಹೇಳಿದೆವು. ಹುಡುಗಿ ಒಳಗೆ ಹೋಗಿ ಕದ ಹಾಕಿಕೊಂಡಳು. ತಪ್ಪು ನಮ್ಮದೇ. ನಾವು ಹೇಳಿದೆವು, ಕೇಳಲಿಲ್ಲ.

ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಕಲಿಯುತ್ತಿದ್ದಳು. ಅದೇ ಓಣಿಯಾಕಿ. ಆಗತಾನೆ ಓದಲು ಕಲಿತಾಕಿ. "ನಾ ಹೋಗಿ ನೋಡ್ತೀನ್ರಿ ಟೀಚರ್" ಅಂದಳು.

ಪ್ರತಿ ಗುರುವಾರ ಸಂಜೆ ಹೋದಳು. ಕಟ್ಟೆ ಮೇಲೆ ಕುಂತಳು. ಶಾಲೆ ಸುದ್ದಿ ಎತ್ತಲಿಲ್ಲ. ಕೂಡಿ ಶೇಂಗಾ ಸುಲಿದರು. ಒಂದು ದಿನ ತನ್ನ ಪುಸ್ತಕ ತೆಗೆದು, "ತಂಗಿ, ಇಲ್ಲೇನೈತಿ ಓದಿ ಹೇಳು" ಅಂದಳು. ಹುಡುಗಿ ಓದಿದಳು.

ನಾಲ್ಕನೇ ವಾರ ಹುಡುಗಿ ಬಾಯಿ ಬಿಟ್ಟಳು.

"ಯಕ್ಕಾ, ಲೆಕ್ಕ ಎಲ್ಲಾ ಮುಂದ ಹೋಗ್ಯಾವ. ನನಗ ತಿಳಿಯಂಗಿಲ್ಲ. ಹುಡುಗರು ನಗ್ತಾರ. ಮನ್ಯಾಗ ಮದುವಿ ಮಾತು ನಡದೈತಿ. ನನಗ ಬ್ಯಾಡ. ಯಾರ ಮುಂದೂ ಹೇಳಬ್ಯಾಡ."

"ಇದನ್ನ ಮುಚ್ಚಿಡಾಕ ಆಗಂಗಿಲ್ಲ ತಂಗಿ. ಆದರ ನಿನಗ ತಿಳಿಸದ ಹೇಳಂಗಿಲ್ಲ. ಇಬ್ಬರೂ ಕೂಡಿ ಹೇಳೂಣು."

ಇಬ್ಬರೂ ನಮ್ಮ ಹತ್ತಿರ ಬಂದರು. ಅಂಗನವಾಡಿ ಅಕ್ಕನನ್ನು ಕರೆದುಕೊಂಡು ನಾವೆಲ್ಲ ಮನೆಗೆ ಹೋದೆವು. "ಬೀಗರಿಗೆ ಮಾತು ಕೊಟ್ಟೀನ್ರಿ" ಅಂದ ಅಪ್ಪ. ನಾವು ಕಾನೂನು ಹೇಳಿದೆವು. ಅವನು ಒಪ್ಪಲಿಲ್ಲ. ಆಗ ಓಣಿಯ ಅಕ್ಕ ಮಾತಾಡಿದಳು.

"ಅಣ್ಣಾ, ನನ್ನ ಮದುವಿ 13ಕ್ಕ ಆತು. 15ಕ್ಕ ಹಡದೆ. ಆ ಕೂಸು ಉಳೀಲಿಲ್ಲ."

ಅಪ್ಪ ತಲೆ ತಗ್ಗಿಸಿದ. ಅವತ್ತೇ ಒಪ್ಪಲಿಲ್ಲ. ಇನ್ನೂ ಮೂರು ಸಲ ಹೋದೆವು. ಮದುವೆ ನಿಂತಿತು. ಹುಡುಗಿ ಶಾಲೆಗೆ ಬಂದಳು. ಗಂಟೆ ಬಾರಿಸುವ ಮೊದಲು ಅರ್ಧ ತಾಸು ಲೆಕ್ಕ ಹೇಳಿಕೊಟ್ಟೆವು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ನಪಾಸಾದಳು. ಅದೇ ವರ್ಷ ಮತ್ತೆ ಬರೆದಳು. ಪಾಸಾದಳು. ಅಕ್ಕ ಮಾತ್ರ ಗುರುವಾರ ತಪ್ಪಿಸಲಿಲ್ಲ.

ಎಲ್ಲರದೂ ಹೀಗೆ ಆಗುವುದಿಲ್ಲ. ಅದೇ ಓಣಿಯ ಒಬ್ಬ ಹುಡುಗ ಗೋವಾಕ್ಕೆ ಗುಳೆ ಹೋದ. ತಿರುಗಿ ಶಾಲೆಗೆ ಬರಲಿಲ್ಲ. ಅವನ ಬಾಗಿಲಿಗೆ ಯಾರೂ ಹೋಗಿರಲಿಲ್ಲ.

ನಾವು ನೆನಪಿಡೋಣ

1. ಹೇಳಿದ ದಿನ ತಪ್ಪದೆ ಹೋಗಬೇಕು. ಆಗಲೇ ಮಕ್ಕಳು ನಂಬುತ್ತಾರೆ.
2. ಮೊದಲು ಕೇಳಬೇಕು. ಬುದ್ಧಿಮಾತು ಆಮೇಲೆ.
3. ನಾಲ್ಕು ಜನ ಕಾಣುವ ಜಾಗದಲ್ಲಿ ಕೂಡಬೇಕು.
4. ಮಕ್ಕಳ ಮಾತನ್ನು ಓಣಿಯಲ್ಲಿ ಆಡಬಾರದು. ಆದರೆ ಅಪಾಯವನ್ನು ಮುಚ್ಚಿಡಬಾರದು.

ಕಾನೂನು ಏನು ಹೇಳುತ್ತದೆ?

ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡಬಾರದು. 2006ರ ಕಾಯ್ದೆಯಲ್ಲಿ, ಬಾಲ್ಯವಿವಾಹ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. 2016ರ ತಿದ್ದುಪಡಿಯಂತೆ 18 ವರ್ಷದೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಫೋನು ಮಾಡಬಹುದು. ದುಡ್ಡು ಬೀಳುವುದಿಲ್ಲ.

ಮಾತಾಡಿರಿ

ಹುಡುಗಿ ನಮ್ಮ ಮುಂದೆ ಕದ ಹಾಕಿಕೊಂಡಳು. ಅಕ್ಕನ ಮುಂದೆ ಬಾಯಿ ಬಿಟ್ಟಳು. ಯಾಕೆ?
ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು ಜನ?

ಬರೆಯಿರಿ

ಈ ವಾರ ನಾನು ಯಾರ ಮನೆಗೆ ಹೋಗುತ್ತೇನೆ? ............
ಯಾವ ದಿನ? ............